ಗಂಡಸಿನ ಮನಸ್ಸು ಮತ್ತು ಸಂತಾನಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಾಗದ ವಿಷಯದಲ್ಲಿ ಗಂಡಸರು ಡಾಕ್ಟರ ಮುಂದೆ ಕೇಳುವುದು ಒಂದು, ಪತ್ರದಲ್ಲೋ ಹೆಸರು ಹಾಕದ ಕಾಮೆಂಟಿನಲ್ಲೋ ಕೇಳುವುದು ಇನ್ನೊಂದು. ಇಲ್ಲಿರುವುದು ಹೆಚ್ಚಾಗಿ ಎರಡನೇ ಬಗೆಯ ಪ್ರಶ್ನೆಗಳು. ಹೆಂಡತಿಯರು ಕೇಳಿದ್ದೂ ಇವೆ. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇವೆ. ಸುಲಭದ್ದು ಮೊದಲು, ಗಹನವಾದದ್ದು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

ಟೆನ್ಶನ್ ಮಾಡಿಕೊಂಡರೆ ಮಕ್ಕಳಾಗಲ್ಲ ಅಂತಾರೆ. ನಿಜಾನಾ?

ಅರ್ಧ ನಿಜ. ಮನಸ್ಸಿನ ಒತ್ತಡ ವೀರ್ಯದ ಗುಣಮಟ್ಟವನ್ನು ಸ್ವಲ್ಪ ಇಳಿಸಬಲ್ಲದು. ಆದರೆ ಬರೀ ಒತ್ತಡದಿಂದ ಒಬ್ಬ ಗಂಡಸು ತಂದೆಯಾಗುವ ಶಕ್ತಿಯನ್ನೇ ಕಳೆದುಕೊಳ್ಳುವುದು ತೀರಾ ಅಪರೂಪ. ಯುದ್ಧ, ಬರಗಾಲಗಳ ನಡುವೆಯೂ ಮಕ್ಕಳು ಹುಟ್ಟಿದ್ದಾರೆ, ಅಲ್ವಾ?

ಮನಸ್ಸು ಜಾಸ್ತಿ ಕಾಟ ಕೊಡುವುದು ಸುತ್ತುದಾರಿಯಲ್ಲಿ. ಆಸೆ ಕುಗ್ಗುತ್ತದೆ. ಗಂಡ ಹೆಂಡತಿ ಕೂಡುವುದೇ ಕಡಿಮೆಯಾಗುತ್ತದೆ. ಬೇಕಾದ ದಿನ ಮೈ ಸಹಕರಿಸುವುದಿಲ್ಲ. ನಿದ್ದೆ ಕೆಡುತ್ತದೆ, ಸಿಗರೇಟು ಮತ್ತು ಕುಡಿತ ಏರುತ್ತವೆ. ಇದೆಲ್ಲದರ ಜೊತೆ, ಪರೀಕ್ಷೆ ಮಾಡಿಸುವುದನ್ನು ಇವತ್ತು ನಾಳೆ ಅಂತ ಮುಂದೂಡುತ್ತಾ ಹೋಗುತ್ತಾರೆ. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಅದರಿಂದಲೇ.

ತಲೆಯಲ್ಲಿರೋ ಚಿಂತೆ ಕೆಳಗಿನ ತನಕ ಹೇಗೆ ಹೋಗುತ್ತೆ?

ಎರಡು ದಾರಿಗಳಿವೆ. ಒಂದು ಹಾರ್ಮೋನಿನದು. ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸಂಕೇತ ಕಳಿಸುತ್ತದೆ. ಪಿಟ್ಯುಟರಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ವೃಷಣದಲ್ಲಿ ಗಂಡಸಿನ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟೆರಾನ್ ತಯಾರಾಗುವಂತೆ ಮಾಡುತ್ತದೆ. ಎಫ್‌ಎಸ್‌ಎಚ್ ವೀರ್ಯಾಣುಗಳನ್ನು ಬೆಳೆಸುವ ಜೀವಕೋಶಗಳನ್ನು ನೋಡಿಕೊಳ್ಳುತ್ತದೆ. ಒತ್ತಡ ದೀರ್ಘಕಾಲ ನಿಂತರೆ ಮೇಲಿನ ಸಂಕೇತವೇ ಮಂಕಾಗುತ್ತದೆ.

ಇನ್ನೊಂದು ನರಗಳ ದಾರಿ. ಅಪಾಯ ಕಂಡಾಗ ಎದೆ ಬಡಿತ ಏರಿಸಿ ಮೈ ಬಿಗಿಮಾಡುವ ನರಗಳೇ ಶಿಶ್ನದ ರಕ್ತನಾಳಗಳನ್ನೂ ಬಿಗಿಮಾಡುತ್ತವೆ. ನಿಮಿರಬೇಕಾದರೆ ಆ ರಕ್ತನಾಳಗಳು ಸಡಿಲವಾಗಬೇಕು. ಹಾರ್ಮೋನಿನ ದಾರಿಗೆ ವಾರ, ತಿಂಗಳುಗಳು ಹಿಡಿಯುತ್ತವೆ. ನರಗಳ ದಾರಿಗೆ ಕೆಲವೇ ಸೆಕೆಂಡು ಸಾಕು.

ನನಗೆ ಹಾಸಿಗೆಯಲ್ಲಿ ಏನೂ ತೊಂದರೆ ಇಲ್ಲ. ಹಾಗಾದರೆ ದೋಷ ನನ್ನದಲ್ಲ ತಾನೆ?

ಹಾಗೆ ಹೇಳಲು ಬರುವುದಿಲ್ಲ. ಕೂಡುವ ಶಕ್ತಿ ಬೇರೆ, ವೀರ್ಯಾಣುಗಳ ಶಕ್ತಿ ಬೇರೆ. ಎಲ್ಲವೂ ಚೆನ್ನಾಗಿ ನಡೆಯುವ ಗಂಡಸಿನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ನಿಮಿರುವ ತೊಂದರೆ ಇರುವವರ ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆ, ಅತ್ಯುತ್ತಮವಾಗಿರಬಹುದು. ಹೊರಗೆ ಬರುವ ದ್ರವದ ಬಹುಪಾಲು ಬೇರೆ ಗ್ರಂಥಿಗಳದ್ದು. ವೀರ್ಯಾಣುಗಳ ಪಾಲು ಅದರಲ್ಲಿ ಬಹಳ ಸಣ್ಣದು. ಹಾಗಾಗಿ ಕಣ್ಣಿನಿಂದ ನೋಡಿ ದಪ್ಪ ಇದೆ, ತೆಳು ಇದೆ ಅಂತ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ.

ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಒಂದೊಂದು ಸಲ ಅದೊಂದೇ ಇರುತ್ತದೆ, ಬಹಳ ಸಲ ಹೆಂಡತಿಯ ಕಾರಣದ ಜೊತೆಗೆ ಇರುತ್ತದೆ.

ಎಷ್ಟು ದಿನ ಕಾದು ಡಾಕ್ಟರ ಹತ್ತಿರ ಹೋಗಬೇಕು? ಬೇಗ ಹೋದರೆ ಟೆನ್ಶನ್ ಇನ್ನೂ ಜಾಸ್ತಿ ಆಗಲ್ವಾ?

ಯಾವ ತಡೆಯೂ ಇಲ್ಲದೆ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಹೋಗಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ ಹೋಗಿ. ಚಿಕ್ಕಂದಿನಲ್ಲಿ ವೃಷಣ ಕೆಳಗೆ ಇಳಿಯದೆ ಆಪರೇಷನ್ ಆಗಿದ್ದರೆ, ಮಂಗಬಾವು ಬಂದು ವೃಷಣ ಊದಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಕಾಯುವುದೇ ಬೇಡ.

ಟೆನ್ಶನ್ ಬಗ್ಗೆ ಹೇಳುವುದಾದರೆ, ಗೊತ್ತಿಲ್ಲದೆ ಕಾಯುವುದೇ ಹೆಚ್ಚಿನವರನ್ನು ಹಿಂಡುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಹೆಂಡತಿಗೆ ಹತ್ತು ಪರೀಕ್ಷೆ ಮುಗಿದ ಮೇಲೆ ಗಂಡನ ಸರದಿ ಬರುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಇಬ್ಬರ ಪರೀಕ್ಷೆಯೂ ಜೊತೆಜೊತೆಯಲ್ಲೇ ಶುರುವಾಗಬೇಕು. ನೀವೊಬ್ಬರೇ ಹೀಗೆ ಎಂಬ ಭಾವನೆಯೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬದುಕಿನ ಒಂದು ಹಂತದಲ್ಲಿ ಈ ಸಮಸ್ಯೆ ಎದುರಿಸುತ್ತಾರೆ.

ಹುಡುಗನಾಗಿದ್ದಾಗ ಹಸ್ತಮೈಥುನ ಜಾಸ್ತಿ ಮಾಡಿದ್ದೆ. ವೀರ್ಯ ಖಾಲಿಯಾಗಿದೆ ಅಂತ ಭಯ. ರಾತ್ರಿ ನಿದ್ದೆ ಬರಲ್ಲ.

ವೀರ್ಯಾಣುಗಳು ಪ್ರಾಯ ಬಂದಾಗಿನಿಂದ ಮುಪ್ಪಿನ ತನಕ ದಿನವೂ ಕೋಟಿಗಟ್ಟಲೆ ತಯಾರಾಗುತ್ತಲೇ ಇರುತ್ತವೆ. ಖಾಲಿಯಾಗಲು ಅದು ಕೂಡಿಟ್ಟ ಗಂಟಲ್ಲ. ಹಿಂದೆ ಎಷ್ಟು ಸಲ ಮಾಡಿದ್ದಿರಿ ಎಂಬುದಕ್ಕೂ ಇವತ್ತಿನ ಕೌಂಟಿಗೂ ಸಂಬಂಧವಿಲ್ಲ.

ನಿಮ್ಮ ವಿಷಯದಲ್ಲಿ ತೊಂದರೆ ಕೊಡುತ್ತಿರುವುದು ಆ ಭಯವೇ. ಅಪರಾಧಿ ಭಾವ ಹೊತ್ತು ಹಾಸಿಗೆಗೆ ಹೋಗುವವನಿಗೆ ಆಸೆಯೂ ಬರುವುದಿಲ್ಲ, ನಿಮಿರುವಿಕೆಯೂ ನಿಲ್ಲುವುದಿಲ್ಲ. ಆಮೇಲೆ ಅದನ್ನೇ 'ಶಕ್ತಿ ಹೋಗಿದೆ' ಎಂಬುದಕ್ಕೆ ಸಾಕ್ಷಿ ಅಂದುಕೊಳ್ಳುತ್ತಾನೆ. ಈ ಭಯವನ್ನೇ ನಂಬಿಕೊಂಡು ವ್ಯಾಪಾರ ಮಾಡುವವರು ಬಹಳ ಜನ ಇದ್ದಾರೆ. ಅವರಿಗೆ ಕೊಡುವ ದುಡ್ಡಿನಲ್ಲಿ ಒಂದು ವೀರ್ಯ ಪರೀಕ್ಷೆ ಮಾಡಿಸಿ ನೋಡಿ.

## ರಿಪೋರ್ಟು ಕೈಗೆ ಬಂದ ಮೇಲೆ

ಕೌಂಟ್ ಕಡಿಮೆ ಅಂತ ಬಂದಿದೆ. ಆ ವಾರ ಆಫೀಸಿನಲ್ಲಿ ವಿಪರೀತ ಒತ್ತಡ ಇತ್ತು. ಅದಕ್ಕೇ ಇರಬಹುದಾ?

ಆ ವಾರದ ಒತ್ತಡಕ್ಕೆ ಆ ವಾರದ ಕೌಂಟ್ ಇಳಿಯುವುದು ಕಷ್ಟ. ಒಂದು ವೀರ್ಯಾಣು ವೃಷಣದಲ್ಲಿ ಪೂರ್ತಿ ಬೆಳೆಯಲು ಎರಡು ತಿಂಗಳಿಗಿಂತ ಜಾಸ್ತಿ ಬೇಕು, ಸುಮಾರು 74 ದಿನ ಎಂಬುದು ವಾಡಿಕೆಯ ಲೆಕ್ಕ. ಆಮೇಲೆ ನಾಳದಲ್ಲಿ ಪಕ್ವವಾಗಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಹಾಗಾಗಿ ಇವತ್ತಿನ ರಿಪೋರ್ಟು ಹೇಳುವುದು ಎರಡು ಮೂರು ತಿಂಗಳ ಹಿಂದಿನ ಕಥೆ. ಆಗ ಜೋರು ಜ್ವರ ಬಂದಿತ್ತಾ, ಯಾವುದಾದರೂ ಔಷಧಿ ಶುರುವಾಗಿತ್ತಾ, ಮನೆಯಲ್ಲಿ ಸಾವು ನೋವು ಆಗಿತ್ತಾ ಅಂತ ನೆನಪಿಸಿಕೊಳ್ಳಿ.

ಒಬ್ಬನೇ ಗಂಡಸಿನ ಕೌಂಟ್ ಒಂದು ಸಲದಿಂದ ಇನ್ನೊಂದು ಸಲಕ್ಕೆ ಬಹಳ ಏರಿಳಿಯುತ್ತದೆ ಎಂಬುದೂ ನೆನಪಿರಲಿ. ಎಷ್ಟು ದಿನ ಬಿಟ್ಟು ಕೊಟ್ಟಿರಿ, ಸ್ಯಾಂಪಲ್ಲಿನಲ್ಲಿ ಸ್ವಲ್ಪ ಚೆಲ್ಲಿಹೋಯಿತಾ, ಲ್ಯಾಬಿಗೆ ತಲುಪಿಸಲು ತಡವಾಯಿತಾ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡರಿಂದ ಏಳು ದಿನ ಸ್ಖಲನ ಇಲ್ಲದೆ ಇದ್ದು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೊಡಿ. ಒಂದೇ ರಿಪೋರ್ಟಿನ ಮೇಲೆ ಯಾರೂ ತೀರ್ಪು ಕೊಡಬಾರದು.

ಮಿಲಿಲೀಟರಿಗೆ 12 ಮಿಲಿಯನ್ ಅಂತ ಇದೆ. ಇಷ್ಟರಲ್ಲಿ ಮಗು ಆಗೋದು ಸಾಧ್ಯವೇ ಇಲ್ವಾ?

ಸಾಧ್ಯ ಇದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 16 ಮಿಲಿಯನ್, ಒಟ್ಟು 39 ಮಿಲಿಯನ್, ಚಲಿಸುವವು 42%, ಸರಿಯಾದ ಆಕಾರದವು 4%. ಈ ಗೆರೆಗಳನ್ನು ಎಳೆದದ್ದು ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರನ್ನು ನೋಡಿ. ಅವರಲ್ಲೂ 5% ಜನ ಈ ಗೆರೆಗಿಂತ ಕೆಳಗೇ ಇದ್ದರು. ಗೆರೆಯ ಕೆಳಗಿದ್ದರೆ ದಾರಿ ಉದ್ದವಾಗಬಹುದು, ಅಷ್ಟೇ. ಆಕಾರ 4% ಎಂಬುದನ್ನು ನೋಡಿ ಎದೆ ಒಡೆದುಕೊಳ್ಳುವವರು ಬಹಳ ಮಂದಿ. ಆರೋಗ್ಯವಂತ ಗಂಡಸಿನಲ್ಲೂ ಹೆಚ್ಚಿನ ವೀರ್ಯಾಣುಗಳ ಆಕಾರ ಸೊಟ್ಟಗೇ ಇರುತ್ತದೆ.

ಒತ್ತಡದಿಂದ ಕೌಂಟ್ ನಿಜವಾಗಲೂ ಇಳಿಯುತ್ತೆ ಅಂತ ಸಾಬೀತಾಗಿದೆಯಾ?

ಸುಳಿವುಗಳು ಇವೆ, ಆದರೆ ಎಲ್ಲವೂ ಒಂದೇ ಕಡೆ ಕೈ ತೋರಿಸುವುದಿಲ್ಲ. ಡೆನ್ಮಾರ್ಕಿನಲ್ಲಿ 1,215 ಯುವಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹಳ ಒತ್ತಡ ಇದೆ ಎಂದವರ ವೀರ್ಯಾಣು ಸಾಂದ್ರತೆ ಮಧ್ಯಮ ಒತ್ತಡದವರಿಗಿಂತ ಸುಮಾರು 38% ಕಡಿಮೆ ಇತ್ತು. 1995ರ ಜನವರಿಯಲ್ಲಿ ಜಪಾನಿನ ಕೋಬೆ ನಗರದಲ್ಲಿ ಭೂಕಂಪ ಆದ ಮೇಲೆ ಅಲ್ಲಿನ ಕೆಲವು ಗಂಡಸರಲ್ಲಿ ವೀರ್ಯಾಣುಗಳ ಚಲನೆ ಕುಗ್ಗಿದ್ದನ್ನು ವೈದ್ಯರು ದಾಖಲಿಸಿದರು. ಇನ್ನೊಂದು ಕಡೆ, ಮೊದಲ ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಡೆನ್ಮಾರ್ಕಿನ ಗಂಡಸರಲ್ಲಿ ಕೆಲಸದ ಒತ್ತಡಕ್ಕೂ ವೀರ್ಯದ ಗುಣಮಟ್ಟಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ.

ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. 'ಒತ್ತಡ ಇದ್ದವರಲ್ಲಿ ಕೌಂಟ್ ಕಡಿಮೆ' ಎಂದರೆ 'ಒತ್ತಡವೇ ಇಳಿಸಿತು' ಎಂದು ಅರ್ಥವಲ್ಲ. ಒತ್ತಡದಲ್ಲಿರುವವನು ಜಾಸ್ತಿ ಸೇದುತ್ತಿರಬಹುದು, ಕಡಿಮೆ ಮಲಗುತ್ತಿರಬಹುದು, ತೂಕ ಏರಿರಬಹುದು. ಸರಾಸರಿಯಲ್ಲಿ ಸ್ವಲ್ಪ ಇಳಿಕೆ ಆಗಬಹುದು ಎಂಬಲ್ಲಿಗೆ ನಿಲ್ಲುವುದು ಸರಿ. ಒಬ್ಬ ವ್ಯಕ್ತಿಯ ರಿಪೋರ್ಟು ಹಿಡಿದು 'ಇದು ಟೆನ್ಶನ್ನಿಂದಲೇ' ಎಂದು ಹೇಳುವ ಪರೀಕ್ಷೆ ಯಾವುದೂ ಇಲ್ಲ.

ಒಂದೂ ವೀರ್ಯಾಣು ಇಲ್ಲ ಅಂದರು. ಕಳೆದ ವರ್ಷ ಬಹಳ ನೊಂದಿದ್ದೆ. ಅದರಿಂದ ಹೀಗಾಯ್ತಾ?

ಇಲ್ಲ ಎಂದೇ ಹಿಡಿದು ಮುಂದಿನ ಪರೀಕ್ಷೆಗೆ ಹೋಗಿ. ವೀರ್ಯಾಣು ಪೂರ್ತಿ ಇಲ್ಲದಿರುವುದಕ್ಕೆ ದೇಹದಲ್ಲೇ ಕಾರಣ ಹುಡುಕಬೇಕು. ಹೊರಬರುವ ನಾಳ ಮುಚ್ಚಿರಬಹುದು, ಹುಟ್ಟಿನಿಂದಲೇ ನಾಳ ಇಲ್ಲದಿರಬಹುದು. ಕ್ಲೈನ್‌ಫೆಲ್ಟರ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೊಸೋಮ್ ಹೆಚ್ಚಿರುವುದು) ಇರಬಹುದು, ವೈ ಕ್ರೋಮೊಸೋಮಿನಲ್ಲಿ ಒಂದು ತುಣುಕು ಬಿಟ್ಟುಹೋಗಿರಬಹುದು. ಪಿಟ್ಯುಟರಿಯ ತೊಂದರೆ ಇರಬಹುದು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಕೆಲವರಲ್ಲಿ ವೃಷಣದಿಂದಲೇ ನೇರವಾಗಿ ವೀರ್ಯಾಣು ತೆಗೆಯಬಹುದು. 'ನಾನು ಅತ್ತಿದ್ದರಿಂದ ಹೀಗಾಯಿತು' ಎಂದು ಕೂತರೆ ಆ ಬಾಗಿಲುಗಳನ್ನು ತಟ್ಟುವವರು ಯಾರು?

ಸುಸ್ತು, ಆಸೆ ಕಡಿಮೆ. ಜಿಮ್ಮಿನವರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳಿ ಅಂತಿದ್ದಾರೆ. ತಗೊಳ್ಳಲಾ?

ಮಗು ಬೇಕು ಅಂತಿದ್ದರೆ ಬೇಡವೇ ಬೇಡ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಹೊರಗಿನ ಟೆಸ್ಟೋಸ್ಟೆರಾನ್ ವೀರ್ಯಾಣು ತಯಾರಿಯನ್ನು ನಿಲ್ಲಿಸಿಬಿಡುತ್ತದೆ. ರಕ್ತದಲ್ಲಿ ಬೇಕಾದಷ್ಟು ಇದೆ ಎಂದು ಮೆದುಳು ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣದ ಒಳಗೆ ಇರಬೇಕಾದ ಟೆಸ್ಟೋಸ್ಟೆರಾನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದು ಕುಸಿಯುತ್ತದೆ. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ಪ್ರಯೋಗಗಳೇ ನಡೆದಿವೆ. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಕ್ಕಿಂತ ಜಾಸ್ತಿ.

ಸುಸ್ತು ಮತ್ತು ಆಸೆ ಕಡಿಮೆ ಎಂಬುದು ಖಿನ್ನತೆಯ ಲಕ್ಷಣವೂ ಹೌದು. ಬೆಳಗಿನ ರಕ್ತಪರೀಕ್ಷೆ ಮಾಡಿಸದೆ ಹಾರ್ಮೋನಿನ ಮೇಲೆ ಗೂಬೆ ಕೂರಿಸಬೇಡಿ.

## ಹಾಸಿಗೆಯ ವಿಷಯ

'ಇವತ್ತೇ ಆಗಬೇಕು' ಅಂದ ದಿನವೇ ನನಗೆ ಆಗಲ್ಲ. ಬೇರೆ ದಿನ ಸರಿ ಇರುತ್ತೆ. ಏನಿದು?

ಇದು ತೀರಾ ಸಾಮಾನ್ಯ. ಆದರೂ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಗಿದೆ ಅಂದುಕೊಂಡಿರುತ್ತಾರೆ. ಕ್ಯಾಲೆಂಡರ್ ನೋಡಿ, ಸ್ಕ್ಯಾನ್ ನೋಡಿ, ಮೊಬೈಲ್ ಆ್ಯಪ್ ನೋಡಿ ದಿನ ಗೊತ್ತುಮಾಡಿದಾಗ ಕೂಡುವುದು ಪರೀಕ್ಷೆ ಬರೆದಂತೆ ಆಗಿಬಿಡುತ್ತದೆ. ಗಂಡಸು ಹಾಸಿಗೆಯಲ್ಲಿದ್ದುಕೊಂಡೇ ತನ್ನನ್ನು ತಾನು ದೂರದಿಂದ ಗಮನಿಸುತ್ತಿರುತ್ತಾನೆ: ಆಗುತ್ತಿದೆಯಾ, ನಿಲ್ಲುತ್ತದಾ, ಹೋಯಿತಾ? ಆ ಆತಂಕಕ್ಕೆ ಮೈ ಬಿಗಿಯುತ್ತದೆ, ನಿಮಿರುವಿಕೆ ಇಳಿಯುತ್ತದೆ. ಮುಂದಿನ ತಿಂಗಳು ಆ ದಿನ ಬರುವ ಮೊದಲೇ ಭಯ ಬಂದಿರುತ್ತದೆ.

ಇಲ್ಲಿ ದೇಹದ ಲೆಕ್ಕ ನಮಗೆ ಅನುಕೂಲವಾಗಿಯೇ ಇದೆ. ಅಂಡ ಬಿಡುಗಡೆಯಾದ ಮೇಲೆ ಒಂದು ದಿನದೊಳಗೆ ಅದರ ಆಯಸ್ಸು ಮುಗಿಯುತ್ತದೆ. ವೀರ್ಯಾಣು ಮಾತ್ರ ಹೆಂಗಸಿನ ದೇಹದಲ್ಲಿ ಐದು ದಿನದ ತನಕ ಬದುಕಿರಬಲ್ಲದು. ಅಂದರೆ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡ ಬಿಡುಗಡೆಯ ದಿನವೂ ಸೇರಿ ಒಟ್ಟು ಆರು ದಿನ. ತಿಂಗಳಿಡೀ ಎರಡು ಮೂರು ದಿನಕ್ಕೊಮ್ಮೆ ಕೂಡುತ್ತಿದ್ದರೆ ಆ ಆರು ದಿನದಲ್ಲಿ ಎರಡು ಸಲವಾದರೂ ತಾನಾಗೇ ಸಿಕ್ಕುತ್ತದೆ. ದಿನ ಎಣಿಸಬೇಕಾಗಿಯೇ ಇಲ್ಲ. ಎಣಿಸದೆ ಇರಲು ಆಗುವುದೇ ಇಲ್ಲ ಎನ್ನುವ ಹೆಂಡತಿಯರಿಗೆ ಒಂದು ಸಲಹೆ: ಲೆಕ್ಕ ನಿಮ್ಮಲ್ಲೇ ಇರಲಿ, ಗಂಡನಿಗೆ ತಾರೀಖು ಹೇಳಬೇಡಿ. ಕೆಲವು ಜೋಡಿಗಳಿಗೆ ಇದು ಒಗ್ಗುತ್ತದೆ. ಮುಚ್ಚಿಟ್ಟಿದ್ದೇ ಜಗಳಕ್ಕೆ ಕಾರಣವಾಗುವ ಮನೆಗಳೂ ಇವೆ, ನಿಮ್ಮ ಮನೆ ನಿಮಗೆ ಗೊತ್ತು.

ನಿಮಿರದೆ ಇರೋದು ಮನಸ್ಸಿನದೋ ದೇಹದ್ದೋ? ಹೇಗೆ ಗೊತ್ತಾಗುತ್ತೆ?

ಬೆಳಗ್ಗೆ ಏಳುವಾಗ ನಿಮಿರಿರುತ್ತಾ? ಒಬ್ಬರೇ ಇದ್ದಾಗ ಸರಿ ಇರುತ್ತಾ? ತೊಂದರೆ ದಿಢೀರ್ ಶುರುವಾಯಿತಾ? ಹೌದಾದರೆ ರಕ್ತನಾಳ ಮತ್ತು ನರಗಳು ಬಹುಮಟ್ಟಿಗೆ ಸರಿಯಾಗಿವೆ, ಮನಸ್ಸಿನ ಪಾಲು ಹೆಚ್ಚು. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲೇ ರಾತ್ರಿಗೆ ಮೂರರಿಂದ ಐದು ಸಲ ನಿಮಿರುತ್ತದೆ. ಅದೂ ನಿಂತುಹೋಗಿ, ತೊಂದರೆ ವರ್ಷಗಳಿಂದ ನಿಧಾನವಾಗಿ ಏರುತ್ತಾ ಬಂದಿದ್ದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು ನೋಡಿಸಿ. ನಿಮಿರುವ ತೊಂದರೆ ಹೃದಯದ ಕಾಯಿಲೆಯ ಮೊದಲ ಸೂಚನೆಯಾಗಿ ಬರುವುದೂ ಇದೆ.

ನಿಜ ಹೇಳಬೇಕೆಂದರೆ ಬಹಳ ಜನರಲ್ಲಿ ಎರಡೂ ಕಲೆತಿರುತ್ತವೆ. ದೇಹದಲ್ಲಿ ಸಣ್ಣ ಕೊರತೆ ಶುರುವಾಗುತ್ತದೆ, ಅದರ ಮೇಲೆ ದೊಡ್ಡ ಭಯ ಬಂದು ಕೂರುತ್ತದೆ.

ನಿಮಿರೋಕೆ ಮಾತ್ರೆ ತಗೊಂಡರೆ ವೀರ್ಯ ಹಾಳಾಗುತ್ತಾ?

ಸಿಲ್ಡೆನಾಫಿಲ್, ಟಡಾಲಾಫಿಲ್ ಬಗೆಯ ಮಾತ್ರೆಗಳು ಡಾಕ್ಟರು ಹೇಳಿದ ಪ್ರಮಾಣದಲ್ಲಿ ವೀರ್ಯಕ್ಕೆ ಹಾನಿ ಮಾಡುತ್ತವೆ ಎನ್ನಲು ಗಟ್ಟಿ ಆಧಾರವಿಲ್ಲ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಮಾತ್ರ ಇವನ್ನು ಮುಟ್ಟಲೇಬಾರದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಒಂದೆರಡು ಸಲ ಮಾತ್ರೆಯಿಂದ ಸರಿಯಾದರೆ ಭಯದ ಸುತ್ತು ತುಂಡಾಗುವುದುಂಟು. ಮಾತ್ರೆಗೆ ಆಸೆ ಹುಟ್ಟಿಸುವ ಶಕ್ತಿ ಇಲ್ಲ. ಮನಸ್ಸು ಒಲ್ಲೆ ಎಂದರೆ ಅದೂ ಕೆಲಸ ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ಒಂದು ಸಣ್ಣ ರೂಮು, ಕೈಯಲ್ಲಿ ಡಬ್ಬಿ. ಹೊರಗೆ ಜನ. ಆಗಲೇ ಇಲ್ಲ. ನಾಚಿಕೆಯಿಂದ ವಾಪಸ್ ಬಂದೆ.

ಲ್ಯಾಬಿನವರಿಗೆ ಇದು ಹೊಸದೇನಲ್ಲ. ಮನೆಯಲ್ಲೇ ತೆಗೆದು ತರಬಹುದಾ ಅಂತ ಮೊದಲೇ ಕೇಳಿ. ಮೈಗೆ ತಾಗಿಸಿಕೊಂಡು ಬೆಚ್ಚಗೆ ಇಟ್ಟು, ಒಂದು ಗಂಟೆಯೊಳಗೆ ತಲುಪಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಹೆಂಡತಿ ಜೊತೆಗಿರಲು ಬಿಡುವ ಕಡೆಯೂ ಇದೆ. ವೀರ್ಯಾಣುಗಳಿಗೆ ಹಾನಿ ಮಾಡದ ವಿಶೇಷ ಕಾಂಡೋಮ್ ಸಿಗುತ್ತದೆ. ಮಾಮೂಲಿ ಕಾಂಡೋಮ್, ಎಂಜಲು, ಸೋಪು, ಎಣ್ಣೆ ಬೇಡ.

ಐವಿಎಫ್ (ಅಂಡ ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣು ಸೇರಿಸುವ ಚಿಕಿತ್ಸೆ) ದಿನಕ್ಕಂತೂ ಈ ಭಯ ಇರುವವರು ಮುಂಚೆಯೇ ಒಂದು ಸ್ಯಾಂಪಲ್ ಕೊಟ್ಟು ಫ್ರೀಜ್ ಮಾಡಿಸಿಡಬೇಕು. ಅಂಡ ಹೊರತೆಗೆದ ದಿನ ಗಂಡನ ಕೈಯಲ್ಲಿ ಆಗಲಿಲ್ಲವೆಂದರೆ ಇಬ್ಬರ ಶ್ರಮವೂ ಮಣ್ಣುಪಾಲು. ಇಟ್ಟ ಸ್ಯಾಂಪಲ್ ಇದೆ ಎಂಬ ಧೈರ್ಯಕ್ಕೇ ಆ ದಿನ ಸಲೀಸಾಗಿ ಆಗಿಬಿಡುವುದೂ ಉಂಟು.

ಎಲ್ಲ ಸರಿ, ಒಳಗೆ ಸ್ಖಲನ ಮಾತ್ರ ಆಗಲ್ಲ. ಒಬ್ಬನೇ ಇದ್ದಾಗ ಆಗುತ್ತೆ.

ಇದನ್ನು ಹೇಳಿಕೊಳ್ಳಲು ವರ್ಷಗಟ್ಟಲೆ ಹಿಂಜರಿಯುವವರಿದ್ದಾರೆ. ವರ್ಷಗಳಿಂದ ಒಂದೇ ಬಗೆಯ ಬಿಗಿ ಹಿಡಿತಕ್ಕೆ ಒಗ್ಗಿಹೋಗಿರುವುದು, ಗರ್ಭ ನಿಲ್ಲಬೇಕೆಂಬ ಒತ್ತಡ, ಹೆಂಡತಿಗೆ ನೋವಾಗುತ್ತದೆಂಬ ಭಯ, ಖಿನ್ನತೆಯ ಮಾತ್ರೆ, ಯಾವುದೂ ಕಾರಣ ಆಗಿರಬಹುದು. ಲೈಂಗಿಕ ಚಿಕಿತ್ಸೆಯಲ್ಲಿ ಇದಕ್ಕೆ ದಾರಿ ಇದೆ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ಸ್ಪರ್ಶದ ಅಭ್ಯಾಸದಲ್ಲಿ ಜೋಡಿಗಳು ಕೆಲವು ವಾರ ಕೂಡುವುದನ್ನೇ ಬಿಟ್ಟು, ಬರೀ ಮುಟ್ಟುವುದರಿಂದ ಶುರುಮಾಡುತ್ತಾರೆ. ಗುರಿ ಇಲ್ಲದಿದ್ದಾಗ ಭಯಕ್ಕೂ ಜಾಗ ಇರುವುದಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ. ಹೆಂಡತಿಗೆ ವಯಸ್ಸಾಗುತ್ತಿದ್ದರೆ ಚಿಕಿತ್ಸೆ ಒಂದು ಕಡೆ ನಡೆಯಲಿ. ಒಬ್ಬರೇ ಇದ್ದಾಗ ಬಂದ ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಐಯುಐ ಇನ್ನೊಂದು ಕಡೆ ನಡೆಯಲಿ. ಒಂದು ಮುಗಿಯಲಿ ಅಂತ ಇನ್ನೊಂದನ್ನು ತಡೆಯುವುದು ಬೇಡ.

ಯಾವಾಗಲೂ, ಒಬ್ಬರೇ ಇದ್ದಾಗಲೂ ವೀರ್ಯ ಹೊರಬಾರದಿದ್ದರೆ ಅದು ಮನಸ್ಸಿನದಲ್ಲದಿರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುವುದುಂಟು. ಸರಳ ಮೂತ್ರಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

## ಖಿನ್ನತೆ ಮತ್ತು ಮಾತ್ರೆಗಳು

ನನ್ನ ಡಿಪ್ರೆಶನ್ನಿಂದ ನಮಗೆ ಮಕ್ಕಳಾಗುತ್ತಿಲ್ಲವಾ?

ಅದು ಒಂದು ಕಾರಣ ಆಗಿರಬಹುದು. ಅಮೆರಿಕದಲ್ಲಿ ಐವಿಎಫ್ ಅಲ್ಲದ ಚಿಕಿತ್ಸೆ ಪಡೆಯುತ್ತಿದ್ದ ಜೋಡಿಗಳ ಮಾಹಿತಿಯನ್ನು ಒಟ್ಟುಸೇರಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಗಂಡನಿಗೆ ತೀವ್ರ ಖಿನ್ನತೆ ಇದ್ದ ಜೋಡಿಗಳಲ್ಲಿ ಗರ್ಭ ನಿಂತು ಮಗು ಹುಟ್ಟುವ ಸಾಧ್ಯತೆ ಸುಮಾರು 60% ಕಡಿಮೆ ಕಂಡಿತು. ಆದರೆ ತೀವ್ರ ಖಿನ್ನತೆ ಇದ್ದ ಗಂಡಸರ ಸಂಖ್ಯೆ ಅದರಲ್ಲಿ ತುಂಬಾ ಸಣ್ಣದು, ಹಾಗಾಗಿ 60 ಎಂಬ ಅಂಕಿಗೆ ಜೋತುಬೀಳಬೇಡಿ. ಆಸೆ ಕುಗ್ಗಿ ಕೂಡುವುದು ಕಡಿಮೆಯಾಗುವುದೇ ಇದರ ಹಿಂದಿನ ಮುಖ್ಯ ಕಾರಣ ಇರಬಹುದು ಎಂಬುದು ನಮ್ಮ ಊಹೆ. ಯಾವ ರೀತಿ ನೋಡಿದರೂ ಖಿನ್ನತೆಗೆ ಚಿಕಿತ್ಸೆ ಬೇಕೇ ಬೇಕು, ಮಗುವಿನ ಲೆಕ್ಕವನ್ನು ಪಕ್ಕಕ್ಕಿಟ್ಟರೂ.

ಹಾಗಾದರೆ ಡಿಪ್ರೆಶನ್ ಮಾತ್ರೆ ವೀರ್ಯಕ್ಕೆ ಒಳ್ಳೇದಲ್ಲ ಅಂತಾರಲ್ಲ? ನಿಲ್ಲಿಸಿಬಿಡಲಾ?

ನೀವಾಗೇ ನಿಲ್ಲಿಸಬೇಡಿ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಶುರುವಾಗಬಹುದು, ಖಿನ್ನತೆ ಮರಳಿ ಬರಬಹುದು. ಮಗು ಬೇಕೆಂದಿದ್ದೀರಿ ಎಂಬುದನ್ನು ಮನೋವೈದ್ಯರಿಗೆ ಹೇಳಿ. ಎಷ್ಟೋ ಜನ ಇದನ್ನೇ ಹೇಳಿರುವುದಿಲ್ಲ.

ಮಾತ್ರೆಗಳ ಬಗ್ಗೆ ಗೊತ್ತಿರುವುದು ಇಷ್ಟು. ಎಸ್‌ಎಸ್‌ಆರ್‌ಐ ಗುಂಪಿನವು (ಖಿನ್ನತೆಗೆ ಹೆಚ್ಚಾಗಿ ಕೊಡುವ ಮಾತ್ರೆಗಳು) ಆಸೆ ಕುಗ್ಗಿಸಬಹುದು, ಸ್ಖಲನ ತಡಮಾಡಬಹುದು. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 35 ಆರೋಗ್ಯವಂತ ಗಂಡಸರಿಗೆ ಇದೇ ಗುಂಪಿನ ಪ್ಯಾರಾಕ್ಸೆಟಿನ್ ಕೊಟ್ಟರು. ಕೌಂಟ್, ಚಲನೆ ಎಲ್ಲ ಸರಿಯಾಗಿಯೇ ಇತ್ತು, ಆದರೆ ಡಿಎನ್‌ಎ ತುಂಡಾಗಿದ್ದ ವೀರ್ಯಾಣುಗಳ ಪಾಲು ಸರಾಸರಿ 13.8%ದಿಂದ 30.3%ಕ್ಕೆ ಏರಿತು. ಇದರಿಂದ ಗರ್ಭ ನಿಲ್ಲುವುದು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಆ ಪ್ರಯೋಗ ನೋಡಲಿಲ್ಲ. ಬುಪ್ರೊಪಿಯಾನ್‌ನಂಥ ಮಾತ್ರೆಗಳಲ್ಲಿ ಲೈಂಗಿಕ ತೊಂದರೆ ಕಡಿಮೆ. ಮನೋರೋಗಕ್ಕೆ ಕೊಡುವ ರಿಸ್ಪೆರಿಡಾನ್ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಟೆಸ್ಟೋಸ್ಟೆರಾನ್ ಇಳಿಸಬಹುದು, ಬದಲಿಗೆ ಬೇರೆ ಮಾತ್ರೆಗಳಿವೆ.

ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ವಾಲ್ಪ್ರೊಯೇಟ್ ತೆಗೆದುಕೊಳ್ಳುವವರು ಮಾತ್ರ ಮಗುವಿಗೆ ಪ್ರಯತ್ನಿಸುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಬೇಕು. ಗರ್ಭ ನಿಲ್ಲುವ ಹಿಂದಿನ ಮೂರು ತಿಂಗಳಲ್ಲಿ ತಂದೆ ಇದನ್ನು ತೆಗೆದುಕೊಂಡಿದ್ದರೆ ಮಗುವಿನ ಮೆದುಳಿನ ಬೆಳವಣಿಗೆಗೆ ತೊಂದರೆಯ ಅಪಾಯ ಹೆಚ್ಚಿರಬಹುದು ಎಂದು ಯುರೋಪಿನ ಔಷಧ ಸಂಸ್ಥೆ 2024ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿದೆ.

## ಗಂಡ ಹೆಂಡತಿ ನಡುವೆ

ನಮ್ಮ ಯಜಮಾನರು ಟೆಸ್ಟಿಗೆ ಬರೋದೇ ಇಲ್ಲ ಅಂತಾರೆ. ಏನು ಮಾಡಲಿ?

ಬರದಿರುವುದು ಹಟದ ಹಾಗೆ ಕಾಣುತ್ತದೆ, ಒಳಗೆ ಹೆಚ್ಚಾಗಿ ಭಯ ಇರುತ್ತದೆ. ರಿಪೋರ್ಟಿನಲ್ಲಿ ತನ್ನ ಗಂಡಸುತನಕ್ಕೇ ಅಂಕ ಹಾಕುತ್ತಾರೆ ಅಂದುಕೊಂಡಿರುತ್ತಾರೆ. 'ನಿಮ್ಮಲ್ಲಿ ದೋಷ ಇದೆಯಾ ನೋಡೋಣ' ಎನ್ನುವುದರ ಬದಲು 'ಇಬ್ಬರದೂ ಒಂದೇ ದಿನ ಮಾಡಿಸೋಣ' ಅನ್ನಿ. ಅತ್ತೆ ಮಾವನ ಮುಂದೆ ಈ ಮಾತು ಎತ್ತಬೇಡಿ. ಅಷ್ಟಾದರೂ ಒಪ್ಪದಿದ್ದರೆ ನಿಮ್ಮ ಡಾಕ್ಟರಿಂದಲೇ ಹೇಳಿಸಿ. ಗಂಡನ ಒಂದು ಸ್ಯಾಂಪಲ್ ನೋಡದೆ ನಿಮಗೊಬ್ಬರಿಗೇ ತಿಂಗಳಾನುಗಟ್ಟಲೆ ಇಂಜೆಕ್ಷನ್ ಕೊಡಲು ಹೊರಟರೆ, ಬೇಡ ಎನ್ನುವ ಹಕ್ಕು ನಿಮಗಿದೆ.

ರಿಪೋರ್ಟ್ ಬಂದಾಗಿನಿಂದ ಮಾತೇ ಆಡುತ್ತಿಲ್ಲ. ಕೆಲಸ, ಮೊಬೈಲು, ಅಷ್ಟೇ.

ಗಂಡಸರ ದುಃಖ ಎಷ್ಟೋ ಸಲ ಹೀಗೇ ಕಾಣುತ್ತದೆ: ಸಿಟ್ಟು, ಮೌನ, ಜಾಸ್ತಿ ಕೆಲಸ, ಜಾಸ್ತಿ ಕುಡಿತ. ಅಳು ಕಾಣದಿರುವುದರಿಂದ ಏನೂ ಅನ್ನಿಸಿಲ್ಲ ಅಂದುಕೊಳ್ಳಬೇಡಿ. ಎದುರುಬದುರು ಕೂತು ಮಾತಾಡಿಸುವುದಕ್ಕಿಂತ ನಡೆಯುತ್ತಾ, ಗಾಡಿಯಲ್ಲಿ ಹೋಗುತ್ತಾ ಮಾತಾಡುವುದು ಅನೇಕರಿಗೆ ಸುಲಭ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಿ. ಗಂಡನ ಮಾನ ಉಳಿಸಲು ಹೆಂಡತಿ ದೋಷವನ್ನು ತನ್ನ ಮೇಲೆ ಎಳೆದುಕೊಳ್ಳುವುದನ್ನು ನಾವು ಬಹಳ ಕೇಳಿದ್ದೇವೆ. ಮೊದಲ ಕೆಲವು ತಿಂಗಳು ಅದು ಪ್ರೀತಿ, ಆಮೇಲೆ ಅದೇ ಮನಸ್ತಾಪಕ್ಕೆ ಬೇರು.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ, ಆಸಕ್ತಿ ಎಲ್ಲ ಹೋಗಿದ್ದರೆ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಕರೆದುಕೊಂಡು ಹೋಗಿ.

'ಟೆನ್ಶನ್ ಬಿಡಿ, ತಾನಾಗೇ ಆಗುತ್ತೆ' ಅಂತ ಎಲ್ಲರೂ ಹೇಳ್ತಾರೆ. ಆದವರೂ ಇದ್ದಾರಲ್ಲ?

ಇದ್ದಾರೆ. ಮೊದಲ ವರ್ಷದಲ್ಲಿ ಆಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ವರ್ಷದಲ್ಲಿ ತಾನಾಗೇ ಆಗುತ್ತದೆ. ಟೆನ್ಶನ್ ಬಿಟ್ಟವರಿಗೂ, ಬಿಡದವರಿಗೂ. ಆ ನಡುವೆ ಪ್ರವಾಸ ಹೋಗಿದ್ದರೆ ಪ್ರವಾಸಕ್ಕೆ ಹೆಸರು, ದತ್ತು ತೆಗೆದುಕೊಂಡಿದ್ದರೆ ದತ್ತಿಗೆ ಹೆಸರು. ನಾಳ ಮುಚ್ಚಿರುವವನು ಎಷ್ಟು ನೆಮ್ಮದಿಯಾಗಿದ್ದರೂ ನಾಳ ತೆರೆಯುವುದಿಲ್ಲ. ಇನ್ನೂ ಒಂದು ಕೆಡುಕಿದೆ: ಸುಮ್ನೆ ಹೇಳಿದ ಈ ಮಾತು, ಆಗದಿದ್ದರೆ ಅದು ನಿನ್ನ ಮನಸ್ಸಿನದೇ ತಪ್ಪು ಎಂದು ಕೇಳುವವನ ಕಿವಿಗೆ ಬೀಳುತ್ತದೆ.

ಧ್ಯಾನ, ಯೋಗ, ಕೌಂಟ್ ಏರಿಸೋ ಪುಡಿ, ಯಾವುದು ಮಾಡಲಿ?

ಧ್ಯಾನ, ಯೋಗ, ನಡಿಗೆ ಮನಸ್ಸಿಗೆ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಕೌಂಟ್ ಇಷ್ಟು ಏರುತ್ತದೆ ಅಂತ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ. ನಿದ್ದೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹತ್ತು ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿದ 2011ರ ಸಣ್ಣ ಪ್ರಯೋಗದಲ್ಲಿ ಹಗಲಿನ ಟೆಸ್ಟೋಸ್ಟೆರಾನ್ 10ರಿಂದ 15% ಇಳಿದಿತ್ತು. ಪುಡಿ, ಮಾತ್ರೆಗಳ ಮೇಲೆ ನಮಗೆ ಭರವಸೆ ಕಡಿಮೆ. ಸತು ಮತ್ತು ಫೋಲಿಕ್ ಆಸಿಡ್ ಅನ್ನು 2,370 ಗಂಡಸರ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಕೊಟ್ಟರು. ವೀರ್ಯವೂ ಸುಧಾರಿಸಲಿಲ್ಲ, ಹುಟ್ಟಿದ ಮಕ್ಕಳ ಸಂಖ್ಯೆಯೂ ಏರಲಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಕಾರ್ಟಿಸೋಲ್ ವೃಷಣದ ಒಳಗೆ ಏನು ಮಾಡುತ್ತೆ? ನಾನು ಕಾರ್ಟಿಸೋಲ್ ಟೆಸ್ಟ್ ಮಾಡಿಸಬೇಕಾ?

ಕಾರ್ಟಿಸೋಲ್ ಎಂದರೆ ಒತ್ತಡದ ಹೊತ್ತಿನಲ್ಲಿ ಏರುವ ಹಾರ್ಮೋನು. ವೃಷಣದಲ್ಲಿ ಟೆಸ್ಟೋಸ್ಟೆರಾನ್ ತಯಾರಿಸುವ ಲೇಡಿಗ್ ಕೋಶಗಳಲ್ಲಿ ಕಾರ್ಟಿಸೋಲನ್ನು ಗುರುತಿಸುವ ಗ್ರಾಹಕಗಳಿವೆ. ಅದು ಹೆಚ್ಚಾದಾಗ ತಯಾರಿ ತಗ್ಗುತ್ತದೆ. ಸಣ್ಣಪುಟ್ಟ ಏರಿಕೆಗಳಿಂದ ಕಾಪಾಡಲು ಅದೇ ಕೋಶಗಳಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವೂ ಇದೆ. ಆದ್ದರಿಂದಲೇ ದಿನನಿತ್ಯದ ಕಿರಿಕಿರಿಗೆ ವೃಷಣ ಸೋಲುವುದಿಲ್ಲ. ಒತ್ತಡ ಬಹಳ ತೀವ್ರವಾಗಿ ಬಹಳ ದಿನ ನಿಂತಾಗ ಆ ರಕ್ಷಣೆ ಸಾಲದೆ ಹೋಗಬಹುದು. ಜೊತೆಗೆ ಆಕ್ಸಿಡೇಟಿವ್ ಒತ್ತಡ (ಜೀವಕೋಶಗಳಿಗೆ ಹಾನಿ ಮಾಡುವ ಆಮ್ಲಜನಕದ ಕಣಗಳು ಹೆಚ್ಚಾಗುವುದು) ಏರಿ ವೀರ್ಯಾಣುಗಳ ಹೊರಪೊರೆಗೂ ಡಿಎನ್‌ಎಗೂ ಪೆಟ್ಟು ಬೀಳಬಹುದು.

ಟೆಸ್ಟ್ ಬೇಡ. ಕಾರ್ಟಿಸೋಲ್ ಬೆಳಗ್ಗೆ ಏರಿ ರಾತ್ರಿ ಇಳಿಯುತ್ತದೆ, ಸೂಜಿ ಚುಚ್ಚಿದರೂ ಏರುತ್ತದೆ. ಕಾರ್ಟಿಸೋಲ್ ವಿಪರೀತ ತಯಾರಾಗುವ ಕುಶಿಂಗ್ ಕಾಯಿಲೆಯ ಅನುಮಾನ ಇಲ್ಲದಿದ್ದರೆ ಆ ಅಂಕಿ ಯಾವ ನಿರ್ಧಾರಕ್ಕೂ ಉಪಯೋಗವಿಲ್ಲ.

ಐವಿಎಫ್ ಮಾಡಿಸುವಾಗ ನಾನು ಟೆನ್ಶನ್ ಮಾಡಿಕೊಂಡರೆ ಫೇಲ್ ಆಗುತ್ತಾ?

ಅಂಡ ತೆಗೆಯುವ ದಿನ ಕೊಟ್ಟ ವೀರ್ಯ, ಮೊದಲು ಕೊಟ್ಟಿದ್ದಕ್ಕಿಂತ ಸ್ವಲ್ಪ ಕಳಪೆಯಾಗಿರಬಹುದು ಎಂದು ಕಂಡಿದ್ದಿದೆ. ಆದರೆ 1992ರಲ್ಲಿ ಬ್ರಸೆಲ್ಸಿನ ತಂಡ ವರದಿ ಮಾಡಿದ, ವೀರ್ಯಾಣುವನ್ನು ಸೂಜಿಯಿಂದ ನೇರ ಅಂಡದೊಳಗೆ ಸೇರಿಸುವ ಇಕ್ಸಿ ವಿಧಾನದಲ್ಲಿ ಒಂದು ಅಂಡಕ್ಕೆ ಒಂದೇ ಒಂದು ಆಯ್ದ ವೀರ್ಯಾಣು ಸಾಕು. ಹಾಗಾಗಿ ಆ ಇಳಿಕೆಗೆ ಹೆಚ್ಚಿನ ಬೆಲೆ ಇಲ್ಲ. ಹೆಂಡತಿಯ ಆತಂಕದ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. 3,583 ಮಹಿಳೆಯರನ್ನು ಒಳಗೊಂಡ 14 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನೋಡಿದಾಗ, ಚಿಕಿತ್ಸೆಗೆ ಮುಂಚಿನ ಮನೋವೇದನೆಗೂ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ಒತ್ತಡ ಮಾಡುವ ದೊಡ್ಡ ಹಾನಿ ಎಂದರೆ ಚಿಕಿತ್ಸೆಯನ್ನು ಅರ್ಧಕ್ಕೇ ಕೈಬಿಡುವುದು. ಸಲಹೆಗಾರರು ಬೇಕಾಗುವುದು ಮುಖ್ಯವಾಗಿ ಅದಕ್ಕೆ.

ತಂದೆಯ ಒತ್ತಡ ವೀರ್ಯದ ಮೂಲಕ ಮಗುವಿಗೂ ಹೋಗುತ್ತೆ ಅಂತ ಓದಿದೆ. ಕಷ್ಟದ ದಿನಗಳಲ್ಲಿ ಮಗು ಬೇಡವಾ?

ನೀವು ಓದಿದ್ದು ಹೆಚ್ಚಾಗಿ ಇಲಿಗಳ ಕಥೆ. ಗಂಡಿಲಿಗಳನ್ನು ವಾರಗಟ್ಟಲೆ ಒತ್ತಡದಲ್ಲಿಟ್ಟ 2013ರ ಪ್ರಯೋಗವೊಂದರಲ್ಲಿ ಅವುಗಳ ವೀರ್ಯಾಣುಗಳಲ್ಲಿ ವಂಶವಾಹಿಯ ಕೆಲಸವನ್ನು ನಿಯಂತ್ರಿಸುವ ಒಂಬತ್ತು ಬಗೆಯ ಮೈಕ್ರೋ ಆರ್‌ಎನ್‌ಎ ಹೆಚ್ಚಾಗಿದ್ದವು. ಅವುಗಳ ಮರಿಗಳಲ್ಲಿ ಒತ್ತಡಕ್ಕೆ ಹಾರ್ಮೋನಿನ ಪ್ರತಿಕ್ರಿಯೆ ಮಂಕಾಗಿತ್ತು. ವಂಶವಾಹಿ ಬದಲಾಗಿರಲಿಲ್ಲ, ಅದನ್ನು ಓದುವ ರೀತಿ ಬದಲಾಗಿತ್ತು. ಮನುಷ್ಯರಲ್ಲಿ ಇದನ್ನು ಬಿಡಿಸಿ ನೋಡುವುದು ಬಹಳ ಕಷ್ಟ, ಏಕೆಂದರೆ ನಮ್ಮ ಮಕ್ಕಳು ನಮ್ಮ ಜೊತೆಯಲ್ಲೇ ಬೆಳೆಯುತ್ತಾರೆ. ತಂದೆಯ ದುಗುಡ ವೀರ್ಯದಿಂದ ಬಂತೋ ಮನೆಯ ವಾತಾವರಣದಿಂದ ಬಂತೋ ಹೇಳುವುದು ಹೇಗೆ? ಇಲಿಯ ಫಲಿತಾಂಶ ಹಿಡಿದು ಮಗುವನ್ನು ಮುಂದೂಡಿ ಎನ್ನುವ ವೈದ್ಯಕೀಯ ಸಲಹೆ ಎಲ್ಲೂ ಇಲ್ಲ. ಪ್ರಯತ್ನಿಸುವ ಮುಂಚಿನ ಮೂರು ತಿಂಗಳು ಏನಾದರೂ ಮಾಡಬೇಕು ಅನ್ನಿಸಿದರೆ ಸಿಗರೇಟು ಬಿಡಿ, ಕುಡಿತ ಇಳಿಸಿ, ರಾತ್ರಿ ಏಳು ಗಂಟೆಯಾದರೂ ಮಲಗಿ.